ಹಳೆಯ ಹಡಗಿನ ಚಿತ್ರಗಳಿಂದ ಶುಭಾಶಯ ಪತ್ರ: ಚಿತ್ರ ಆರಿಸುವುದರಿಂದ ಲಕೋಟೆಯವರೆಗೆ

ಸಮುದ್ರದ ಹಳೆಯ ಚಿತ್ರಗಳು ಗ್ರೀಟಿಂಗ್ ಕಾರ್ಡಿಗೆ ಹೇಳಿ ಮಾಡಿಸಿದಂತಿರುತ್ತವೆ. ಮೇಲೆ ಬೇಕಾದಷ್ಟು ಆಕಾಶ, ನಡುವೆ ಒಂದು ಹಡಗು, ಕೆಳಗೆ ನೀರು. ನೋಡಿದ ತಕ್ಷಣ ಕಣ್ಣಿಗೆ ಹಿಡಿಸುತ್ತವೆ. ಒಳ್ಳೆಯ ಚಿತ್ರಗಳು ಈಗ ದೊಡ್ಡ ಸಂಗ್ರಹಾಲಯಗಳಿಂದ ಉಚಿತವಾಗಿಯೂ ಸಿಗುತ್ತವೆ. ಮನೆಯ ಪ್ರಿಂಟರಿನಲ್ಲೇ ಅಂದವಾದ ಕಾರ್ಡು ಮಾಡಬಹುದು. ಹೆಚ್ಚು ಪ್ರತಿ ಬೇಕಿದ್ದರೆ ಪ್ರೆಸ್ಸಿಗೂ ಕೊಡಬಹುದು.

ಒಂದು ವಿಷಯ ಮಾತ್ರ ಮೊದಲೇ ಹೇಳಬೇಕು. ಹೂವಿನ ಚಿತ್ರ ಹಾಕಿದರೆ ಯಾರಿಗೆ ಬೇಕಾದರೂ ಕಳಿಸಬಹುದು. ಹಡಗಿನ ಚಿತ್ರ ಹಾಗಲ್ಲ. ಆ ಹಡಗು ಏನೋ ಒಂದು ಮಾಡುತ್ತಿರುತ್ತದೆ. ಬಂದರು ಬಿಟ್ಟು ಹೊರಟಿರಬಹುದು, ಯುದ್ಧದಲ್ಲಿರಬಹುದು, ಮುಳುಗುತ್ತಿರಬಹುದು. ಕಾರ್ಡು ಓದುವವರು ಅದನ್ನು ಗಮನಿಸಿಯೇ ಗಮನಿಸುತ್ತಾರೆ. ಹಾಗಾಗಿ ಕೆಲಸ ಶುರುವಾಗುವುದು ಕತ್ತರಿ, ಕಾಗದದಿಂದಲ್ಲ.

ಮೊದಲು: ಹಡಗು ಏನು ಮಾಡುತ್ತಿದೆ ಎಂದು ತಿಳಿದುಕೊಳ್ಳಿ

ಟರ್ನರ್ ಬರೆದ 'ದ ಫೈಟಿಂಗ್ ಟೆಮರೇರ್' ಚಿತ್ರವನ್ನೇ ನೋಡೋಣ. 1839ರಲ್ಲಿ ಪ್ರದರ್ಶನಕ್ಕೆ ಬಂದ ಇದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಲಗಡೆ ಕೆಂಪು, ಕಿತ್ತಳೆ ಬಣ್ಣದ ಸೂರ್ಯಾಸ್ತ. ಎಡಗಡೆ ಬೆಳ್ಳಗೆ, ತೆಳ್ಳಗೆ ಕಾಣುವ ದೊಡ್ಡ ಹಡಗು. ಅದರ ಮುಂದೆ ಹೊಗೆ ಉಗುಳುವ ಸಣ್ಣ ಕಪ್ಪು ಉಗಿದೋಣಿ. ಇದನ್ನು ಕಂಡವರಿಗೆ 'ನಿವೃತ್ತಿಯ ಕಾರ್ಡಿಗೆ ಸರಿಹೋಯಿತು' ಅನ್ನಿಸುವುದು ಸಹಜ. ಹಿರಿತನ ಇದೆ, ಗಾಂಭೀರ್ಯ ಇದೆ, ಸಂಜೆಯ ಬೆಳಕಿದೆ.

ಆದರೆ ಆ ಹಡಗು ಎಲ್ಲಿಗೆ ಹೋಗುತ್ತಿದೆ? 98 ತೋಪುಗಳ ಈ ಹಡಗು 1798ರಲ್ಲಿ ನೀರಿಗಿಳಿದದ್ದು. 1805ರ ಟ್ರಫಾಲ್ಗರ್ ನೌಕಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ದಂಡನಾಯಕ ನೆಲ್ಸನ್ನನ 'ವಿಕ್ಟರಿ' ಹಡಗಿನ ನೆರವಿಗೆ ನಿಂತು ಹೆಸರು ಮಾಡಿತು. 1838ರಲ್ಲಿ ಅದನ್ನು ಮಾರಿಬಿಟ್ಟರು. ಉಗಿದೋಣಿ ಅದನ್ನು ಥೇಮ್ಸ್ ನದಿಯಲ್ಲಿ ಎಳೆದುಕೊಂಡು ಹೋಗುತ್ತಿರುವುದು ಒಡೆದು ಮರ ಬಿಡಿಸುವ ಜಾಗಕ್ಕೆ. ನಿಜವಾಗಿ ಎಳೆದೊಯ್ಯುವ ಹೊತ್ತಿಗೆ ಪಟದ ಕಂಬಗಳನ್ನೂ ತೆಗೆದಾಗಿತ್ತು. ಟರ್ನರ್ ಅವನ್ನು ಉಳಿಸಿ ಬರೆದದ್ದು ಹಡಗಿನ ಮೇಲಿನ ಗೌರವಕ್ಕೆ. ಈ ಕತೆ ಗೊತ್ತಿದ್ದವರು ನಿವೃತ್ತರಾಗುವ ದಿನ ಈ ಕಾರ್ಡು ಕೈಗೆ ಬಂದರೆ ಏನಂದುಕೊಂಡಾರು? ನನ್ನನ್ನು ಕೇಳಿದರೆ ಇದು ಸಂತಾಪದ ಪತ್ರಕ್ಕೆ ಒಪ್ಪುವ ಚಿತ್ರ. ಗೌರವದಿಂದ ಬೀಳ್ಕೊಡುವ ಭಾವ ಅದರಲ್ಲಿ ತುಂಬಿದೆ.

ಅದೇ ಟರ್ನರ್ 1840ರಲ್ಲಿ ತೋರಿಸಿದ ಇನ್ನೊಂದು ಚಿತ್ರವಿದೆ, 'ದ ಸ್ಲೇವ್ ಶಿಪ್'. ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ಚಿಕ್ಕದಾಗಿ ನೋಡಿದರೆ ಉರಿಯುವ ಆಕಾಶ, ಬಂಗಾರದ ನೀರು ಅಷ್ಟೇ ಕಾಣುತ್ತದೆ. ದೊಡ್ಡದು ಮಾಡಿ ನೋಡಿ. ನೀರಿನಲ್ಲಿ ಸರಪಳಿ ಬಿಗಿದ ಕೈಕಾಲುಗಳಿವೆ. ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದದ್ದನ್ನು ಬರೆದ ಚಿತ್ರ ಅದು. ಅದನ್ನು ನೋಡಬೇಕು, ಅದರ ಬಗ್ಗೆ ಓದಬೇಕು. ಹುಟ್ಟುಹಬ್ಬದ ಕಾರ್ಡಿನ ಮೇಲೆ ಹಾಕಬಾರದು. ಬೆರಳುಗುರಿನಷ್ಟು ಚಿಕ್ಕ ಚಿತ್ರ ನೋಡಿ ಆಯ್ಕೆ ಮಾಡಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಹಾಗಂತ ಬಿರುಗಾಳಿ ಇರುವ ಚಿತ್ರಗಳೆಲ್ಲ ಬೇಡ ಅಂತಲ್ಲ. ಐವಜೊವ್‌ಸ್ಕಿ 1850ರಲ್ಲಿ ಬರೆದ 'ಒಂಬತ್ತನೆಯ ಅಲೆ'ಯಲ್ಲಿ ಮುರಿದ ಕಂಬ ಹಿಡಿದು ತೇಲುತ್ತಿರುವ ಜನರಿದ್ದಾರೆ. ಎದುರಿಗೆ ದೊಡ್ಡ ಅಲೆ. ಆದರೆ ಅಲೆಯ ಹಿಂದಿನಿಂದ ಬೆಳಗಿನ ಬೆಳಕು ಹಾಯುತ್ತಿದೆ, ನೀರು ಹಸಿರು ಗಾಜಿನ ಹಾಗೆ ಹೊಳೆಯುತ್ತಿದೆ. ಕಷ್ಟದ ದಿನ ದಾಟಿದ ಆಪ್ತರಿಗೆ 'ರಾತ್ರಿ ಕಳೆಯಿತು' ಎಂದು ಬರೆದು ಕಳಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಕಷ್ಟದಲ್ಲಿ ಇನ್ನೂ ಇರುವವರಿಗೆ ಮಾತ್ರ ಕಳಿಸಬೇಡಿ.

ಹೊಸ ಕೆಲಸ, ಹೊಸ ಊರು, ಪರೀಕ್ಷೆ ಪಾಸು ಇಂಥ ಸಂತೋಷಕ್ಕೆ ವಿನ್ಸ್ಲೋ ಹೋಮರ್ ಬರೆದ 'ಬ್ರೀಜಿಂಗ್ ಅಪ್' ಇದೆ. 1873ರಿಂದ 1876ರವರೆಗೆ ಬರೆದದ್ದು. ಒಬ್ಬ ದೊಡ್ಡವರು, ಮೂವರು ಹುಡುಗರು, ಒಳ್ಳೆ ಗಾಳಿಗೆ ವಾಲಿಕೊಂಡು ಓಡುವ ಸಣ್ಣ ಹಾಯಿದೋಣಿ. ಚುಕ್ಕಾಣಿಯ ಹತ್ತಿರ ಕೂತ ಹುಡುಗ ದೂರಕ್ಕೆ ನೋಡುತ್ತಿದ್ದಾನೆ. ದೋಣಿಯ ಮುಂದುಗಡೆ ಒಂದು ಲಂಗರು ಕಾಣುತ್ತದೆ. ಪಶ್ಚಿಮದ ಚಿತ್ರಕಲೆಯಲ್ಲಿ ಲಂಗರು ಭರವಸೆಯ ಗುರುತು. ನೋಡಿ, ಹೇಳಬೇಕಾದ ಮಾತು ಚಿತ್ರದಲ್ಲೇ ಇದೆ. ಒಳಗೆ ನೀವು ಜಾಸ್ತಿ ಬರೆಯಬೇಕಾಗಿಯೇ ಇಲ್ಲ.

ಅಭಿನಂದನೆಗೆ ಇನ್ನೊಂದು: ಕಿರಿಯ ವಿಲ್ಲೆಮ್ ಫಾನ್ ಡ ವೆಲ್ಡ ಸುಮಾರು 1680ರಲ್ಲಿ ಬರೆದ 'ತೋಪಿನ ಹೊಡೆತ'. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಗಾಳಿಯಿಲ್ಲದ ಶಾಂತ ಸಮುದ್ರ, ಇಳಿಬಿದ್ದ ಪಟಗಳು, ಹಡಗಿನ ಪಕ್ಕದಿಂದ ಎದ್ದ ಬಿಳಿ ಹೊಗೆ. ಹೆಸರು ಕೇಳಿ ಯುದ್ಧದ ಚಿತ್ರ ಎಂದುಕೊಳ್ಳಬೇಡಿ. ಸುತ್ತ ಎಲ್ಲೂ ಕಾಳಗವಿಲ್ಲ.

ಹಕ್ಕು ಮತ್ತು ಫೈಲು

ಚಿತ್ರಕಾರರು ತೀರಿಕೊಂಡು 70 ವರ್ಷವಾದ ಮೇಲೆ ಬಹಳಷ್ಟು ದೇಶಗಳಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ. ಕೆಲವು ದೇಶಗಳಲ್ಲಿ 60, ಇನ್ನು ಕೆಲವು ಕಡೆ 50. ಟರ್ನರ್, ಹೋಮರ್, ಹೊಕುಸಾಯ್, ಫಾನ್ ಡ ವೆಲ್ಡ ಇವರೆಲ್ಲರ ಕಾಲ ಎಂದೋ ಮುಗಿದಿದೆ. ಎಚ್ಚರ ಬೇಕಿರುವುದು ಹಳೆಯ ಕಾಲದ ಹಡಗುಗಳನ್ನು 20ನೇ ಶತಮಾನದಲ್ಲಿ ಬರೆದವರ ವಿಷಯದಲ್ಲಿ. ಮಾಂಟೆಗ್ಯೂ ಡಾಸನ್ ಚಿತ್ರಗಳಲ್ಲಿ ಇರುವುದು 19ನೇ ಶತಮಾನದ ಹಾಯಿಹಡಗುಗಳು. ಚಿತ್ರಕಾರ ತೀರಿಕೊಂಡದ್ದು 1973ರಲ್ಲಿ. ಹಡಗು ಹಳೆಯದಾದರೆ ಸಾಲದು, ಚಿತ್ರವೂ ಹಳೆಯದಾಗಿರಬೇಕು.

ಚಿತ್ರದ ಹಕ್ಕು ಮುಗಿದಿದ್ದರೂ ಅದರ ಫೋಟೋಗೆ ಸಂಗ್ರಹಾಲಯ ತನ್ನದೇ ಷರತ್ತು ಇಟ್ಟಿರಬಹುದು. ಸ್ವಂತಕ್ಕೆ ಬಳಸಬಹುದು, ಮಾರುವುದಾದರೆ ಪರವಾನಗಿ ತೆಗೆದುಕೊಳ್ಳಿ ಎನ್ನುವ ಸಂಗ್ರಹಾಲಯಗಳೂ ಇವೆ. ತಲೆನೋವು ಬೇಡ ಎನ್ನುವವರು ಷರತ್ತಿಲ್ಲದೆ ಕೊಡುವ ಕಡೆಯಿಂದಲೇ ತೆಗೆದುಕೊಳ್ಳಿ. ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್, ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ ಈ ನಾಲ್ಕರಲ್ಲೇ ವರ್ಷಗಟ್ಟಲೆ ಮಾಡುವಷ್ಟು ಕಾರ್ಡಿಗೆ ಚಿತ್ರಗಳಿವೆ. ಚಿತ್ರದ ಪುಟದಲ್ಲಿ 'ಪಬ್ಲಿಕ್ ಡೊಮೇನ್' ಅಥವಾ 'ಸಿಸಿ0' ಎಂಬ ಗುರುತು (ಯಾರು ಬೇಕಾದರೂ ಷರತ್ತಿಲ್ಲದೆ ಬಳಸಬಹುದು ಎಂದು ಅರ್ಥ) ಇದೆಯೇ ನೋಡಿ. ಎಲ್ಲ ಚಿತ್ರಕ್ಕೂ ಇರುವುದಿಲ್ಲ, ಒಂದೊಂದಾಗಿ ನೋಡಬೇಕು.

ಫೈಲು ಇಳಿಸಿಕೊಳ್ಳುವಾಗ ಸಿಗುವುದರಲ್ಲಿ ದೊಡ್ಡದನ್ನೇ ತೆಗೆದುಕೊಳ್ಳಿ. ಅದರ ಜೊತೆಗೇ ಚಿತ್ರಕಾರರ ಹೆಸರು, ಚಿತ್ರದ ಹೆಸರು, ವರ್ಷ, ಎಲ್ಲಿದೆ ಎಂಬ ನಾಲ್ಕು ವಿವರವನ್ನೂ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ಕಾರ್ಡಿನ ಹಿಂಬದಿಗೆ ಬೇಕಾಗುತ್ತದೆ. ಹಳೆಯ ಪುಸ್ತಕದಲ್ಲಿ ಅಚ್ಚಾದ ಚಿತ್ರವನ್ನು ಸ್ಕ್ಯಾನ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪುಸ್ತಕದ ಅಚ್ಚು ಸಣ್ಣ ಚುಕ್ಕೆಗಳಿಂದ ಆಗಿರುತ್ತದೆ. ಅದನ್ನು ಮತ್ತೆ ಅಚ್ಚು ಹಾಕಿದರೆ ಆಕಾಶದ ತುಂಬ ಬಲೆ ಹಾಸಿದಂತೆ ಗೆರೆಗಳು ಏಳುತ್ತವೆ.

ಅಳತೆ

ಮನೆಯಲ್ಲಿ ಮಾಡುವವರಿಗೆ ಸುಲಭದ ಲೆಕ್ಕ: ಎ5 ಹಾಳೆ (148 × 210 ಮಿ.ಮೀ.) ಮಡಿಸಿದರೆ ಎ6 ಕಾರ್ಡು (105 × 148 ಮಿ.ಮೀ.). ಅದಕ್ಕೆ ಸಿ6 ಲಕೋಟೆ (114 × 162 ಮಿ.ಮೀ.) ಸರಿಯಾಗಿ ಕೂರುತ್ತದೆ. ಲಕೋಟೆಯ ಅಳತೆಯನ್ನು ಮೊದಲೇ ನಿರ್ಧರಿಸಿ. ಕಾರ್ಡು ಮಾಡಿಯಾದ ಮೇಲೆ ಅಳತೆಗೆ ತಕ್ಕ ಲಕೋಟೆ ಹುಡುಕುವುದು ತುಂಬ ರಗಳೆ.

ಒಳ್ಳೆಯ ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಎ6 ಮುಖಪುಟಕ್ಕೆ ಅದು 1240 × 1748 ಪಿಕ್ಸೆಲ್. ಇದು ಕ್ರಾಪ್ ಮಾಡಿದ ಮೇಲೆ ಉಳಿಯಬೇಕಾದ ಲೆಕ್ಕ, ಮೂಲ ಫೈಲಿನದಲ್ಲ. ಚಿತ್ರ ಅಂಚಿನವರೆಗೂ ಬರಬೇಕಾದರೆ ಸುತ್ತ 3 ಮಿ.ಮೀ. ಹೆಚ್ಚುವರಿ ಬಿಡಬೇಕು. ಪ್ರೆಸ್ಸಿನವರು ಇದನ್ನು ಬ್ಲೀಡ್ ಅನ್ನುತ್ತಾರೆ. ಕತ್ತರಿಸುವಾಗ ಕೂದಲೆಳೆಯಷ್ಟು ಆಚೀಚೆ ಆದರೂ ಬಿಳಿ ಅಂಚು ಕಾಣದಿರಲಿ ಎಂದು. ಅದೇ ಕಾರಣಕ್ಕೆ ಅಕ್ಷರಗಳನ್ನು ಅಂಚಿನಿಂದ 5 ಮಿ.ಮೀ. ಒಳಗೇ ಇಡಿ.

ಎಲ್ಲಿ ಕತ್ತರಿಸುವುದು

ಕಾರ್ಡು ಚೆನ್ನಾಗಿ ಬರುವುದೂ ಕೆಡುವುದೂ ಇಲ್ಲೇ. ಹಡಗಿನ ಚಿತ್ರಕ್ಕೆ ಕೆಲವು ಕಟ್ಟುಪಾಡುಗಳಿವೆ.

ಪಟದ ಕಂಬದ ತುದಿಯನ್ನು ಕತ್ತರಿಸಬೇಡಿ. ತುದಿಯ ಬಾವುಟ ಹೋದರೆ ಹಡಗು ಯಾರದ್ದು ಎಂಬುದೇ ಹೋಯಿತು. ಹಡಗು ಮುಖ ಮಾಡಿರುವ ಕಡೆ ಜಾಗ ಬಿಡಿ. ಮೂತಿ ಅಂಚಿಗೆ ತಾಗಿದರೆ ಹಡಗು ಗೋಡೆಗೆ ಗುದ್ದಿದ ಹಾಗೆ ಕಾಣುತ್ತದೆ. ದಿಗಂತದ ಗೆರೆ ಮಟ್ಟಸವಾಗಿರಲಿ. ಡಚ್ ಚಿತ್ರಕಾರರು ಬಹಳ ಸಲ ದಿಗಂತವನ್ನು ತೀರಾ ಕೆಳಗಿಟ್ಟು ಉಳಿದದ್ದನ್ನೆಲ್ಲ ಮೋಡಕ್ಕೆ ಬಿಟ್ಟುಕೊಟ್ಟಿರುತ್ತಾರೆ. 'ಖಾಲಿ ಆಕಾಶ ಯಾಕೆ' ಎಂದು ಅದನ್ನು ತೆಗೆದುಬಿಟ್ಟರೆ ಆ ಚಿತ್ರದಲ್ಲಿ ಗಾಳಿಯೇ ಆಡುವುದಿಲ್ಲ.

ಇನ್ನೊಂದು: ಚಿತ್ರವನ್ನು ಎಡಬಲ ತಿರುಗಿಸಬೇಡಿ. ವಿನ್ಯಾಸಕ್ಕೆ ಅನುಕೂಲ ಎಂದು ಸುಮ್ನೆ ಒಂದು ಕ್ಲಿಕ್ಕಿನಲ್ಲಿ ಮಾಡಿಬಿಡುತ್ತಾರೆ. ಸಹಿ ತಿರುಗುಮುರುಗಾಗುತ್ತದೆ. ಹಡಗಿನ ಹೆಸರು ಬರೆದಿದ್ದರೆ ಅದೂ ತಿರುಗುತ್ತದೆ. ಬಾವುಟದ ಗುರುತುಗಳು ತಪ್ಪು ಕಡೆಗೆ ಬರುತ್ತವೆ. ಬೇಕಿದ್ದರೆ ಬೇರೆ ಚಿತ್ರ ಆರಿಸಿ.

ಹೊಕುಸಾಯ್ ಮಾಡಿದ ಪ್ರಸಿದ್ಧ 'ದೊಡ್ಡ ಅಲೆ'ಯನ್ನು ಇಟ್ಟುಕೊಂಡು ನೋಡೋಣ. ಸುಮಾರು 1831ರ ಮರದಚ್ಚು, ಫೂಜಿ ಪರ್ವತದ 36 ನೋಟಗಳ ಸರಣಿಯದ್ದು. ಮೂಲ ಅಚ್ಚಿನ ಅಳತೆ ಸುಮಾರು 25 × 37 ಸೆ.ಮೀ., ಅಂದರೆ ಅಡ್ಡ ಚಿತ್ರ. ಇದನ್ನು ನಿಂತ ಕಾರ್ಡಿಗೆ ಹೊಂದಿಸಲು ಎಡಗಡೆಯ ಅಲೆಯನ್ನಷ್ಟೇ ಉಳಿಸುವುದುಂಟು. ಹಾಗೆ ಮಾಡಿದರೆ ಏನೇನು ಹೋಗುತ್ತದೆ ನೋಡಿ. ನಡುವಿನಿಂದ ತುಸು ಬಲಕ್ಕೆ, ಅಲೆಯ ತಗ್ಗಿನಲ್ಲಿ, ಹಿಮ ಹೊದ್ದ ಪುಟ್ಟ ಫೂಜಿ ಇದೆ. ಸರಣಿ ಇರುವುದೇ ಆ ಪರ್ವತದ ಬಗ್ಗೆ! ಅದು ಮಾಯವಾಗುತ್ತದೆ. ಮೂರು ದೋಣಿಗಳಿವೆ, ಒಳಗೆ ಬಗ್ಗಿ ಹಿಡಿದು ಕೂತ ಹುಟ್ಟುಗಾರರಿದ್ದಾರೆ. ಅವರಲ್ಲೂ ಬಹುಪಾಲು ಹೋಗುತ್ತಾರೆ. ಮನುಷ್ಯರಿಲ್ಲದ ಮೇಲೆ ಅಲೆ ಎಷ್ಟು ದೊಡ್ಡದು ಎಂದು ಗೊತ್ತಾಗುವುದು ಹೇಗೆ?

ನಾನು ಹೇಳುವ ದಾರಿ ಇದು. ಕಾರ್ಡನ್ನು ಅಡ್ಡ ಮಾಡಿ, ಮಡಿಕೆ ಮೇಲ್ಗಡೆ ಬರಲಿ. 148 × 105 ಮಿ.ಮೀ. ಮುಖದ ನಡುವೆ ಚಿತ್ರವನ್ನು 128 × 86 ಮಿ.ಮೀ.ಗೆ ಕೂರಿಸಿ. ಎಡಬಲ 10 ಮಿ.ಮೀ., ಮೇಲೆ ಕೆಳಗೆ ಸುಮಾರು 9 ಮಿ.ಮೀ. ಬಿಳಿ ಅಂಚು ಉಳಿಯುತ್ತದೆ. ಏನನ್ನೂ ಕತ್ತರಿಸಬೇಕಾಗಿಲ್ಲ. ಎಡ ಮೇಲಿನ ಮೂಲೆಯ ಶೀರ್ಷಿಕೆಯ ಚೌಕ, ಪಕ್ಕದ ಸಹಿ, ಎಲ್ಲ ಇದ್ದಲ್ಲೇ ಇರುತ್ತವೆ. ಮರದಚ್ಚು, ಕೆತ್ತನೆಗಳಿಗೆಲ್ಲ ಈ ಬಿಳಿ ಅಂಚಿನ ಪದ್ಧತಿಯೇ ಒಪ್ಪುತ್ತದೆ. ತೈಲವರ್ಣಕ್ಕೆ ಅಂಚಿನವರೆಗೂ ಹರಡಿದರೆ ಚೆಂದ.

ಮಡಿಕೆ ಮೇಲಿರುವ ಕಾರ್ಡಿನಲ್ಲಿ ಒಂದು ಸೂಕ್ಷ್ಮ. ಹಾಳೆ ಬಿಡಿಸಿಟ್ಟಾಗ ಕೆಳಗಿನ ಅರ್ಧ ಮುಖಪುಟ, ಮೇಲಿನ ಅರ್ಧ ಹಿಂಬದಿ. ಹಿಂಬದಿಯ ಅಕ್ಷರವನ್ನು ಫೈಲಿನಲ್ಲಿ ತಲೆಕೆಳಗು ಇಡಬೇಕು. ಮಡಿಸಿದ ಮೇಲೆ ಅದು ನೆಟ್ಟಗಾಗುತ್ತದೆ. ಮಡಿಕೆ ಎಡಗಡೆ ಇರುವ ಕಾರ್ಡಿಗೆ ಇದೇನೂ ಬೇಡ. ಬಲ ಅರ್ಧ ಮುಖ, ಎಡ ಅರ್ಧ ಹಿಂಬದಿ, ಎರಡೂ ನೇರ.

ಬಣ್ಣ ಮತ್ತು ಗೆರೆ

ಸಮುದ್ರದ ತೈಲವರ್ಣಗಳಲ್ಲಿ ಕತ್ತಲು ಜಾಸ್ತಿ. ಸ್ಕ್ರೀನಿಗೆ ಹಿಂದಿನಿಂದ ಬೆಳಕಿರುವುದರಿಂದ ಅಲ್ಲಿ ಎಲ್ಲ ಕಾಣುತ್ತದೆ. ಕಾಗದದ ಮೇಲೆ ಅದೇ ನೀರು ಕಪ್ಪು ಮುದ್ದೆಯಾಗುತ್ತದೆ. ಅದಕ್ಕೆ ಮಧ್ಯದ ಛಾಯೆಗಳನ್ನು ಸ್ವಲ್ಪ ಮೇಲೆತ್ತಿ. ಇಡೀ ಚಿತ್ರವನ್ನು ಬೆಳಗಿಸಬೇಡಿ, ಮೋಡದ ಬಿಳಿ ಸುಟ್ಟುಹೋಗುತ್ತದೆ. 'ಆಟೋ ಕರೆಕ್ಟ್' ಗುಂಡಿಯನ್ನು ಮುಟ್ಟದಿರುವುದು ವಾಸಿ. ಹಳೆಯ ಚಿತ್ರದ ಬೆಚ್ಚನೆಯ ಕಂದು ಛಾಯೆಯನ್ನು ಅದು ದೋಷ ಎಂದು ತಿಳಿದು ನೀಲಿಗೆ ತಿರುಗಿಸುತ್ತದೆ, 17ನೇ ಶತಮಾನದ ಸಂಜೆ ಟ್ಯೂಬ್‌ಲೈಟಿನ ಬೆಳಕಿನಂತಾಗುತ್ತದೆ.

ಪ್ರೆಸ್ಸಿಗೆ ಕೊಡುವುದಾದರೆ ಬಣ್ಣವನ್ನು ಸಿಎಂವೈಕೆಗೆ (ಪ್ರೆಸ್ಸಿನ ನಾಲ್ಕು ಶಾಯಿಗಳ ಬಣ್ಣಪದ್ಧತಿ) ಬದಲಿಸಿ ನೋಡಿ. ಉರಿಯುವ ಕಿತ್ತಳೆ, ಗಾಢ ನೀಲಿ ಸ್ವಲ್ಪ ಮಂಕಾಗುವುದು ಅಲ್ಲೇ ಕಾಣುತ್ತದೆ. ಮನೆಯ ಇಂಕ್‌ಜೆಟ್ಟಿಗೆ ಆರ್‌ಜಿಬಿಯಲ್ಲೇ (ಸ್ಕ್ರೀನಿನ ಬಣ್ಣಪದ್ಧತಿ) ಕಳಿಸಿ, ಬದಲಾವಣೆಯನ್ನು ಪ್ರಿಂಟರೇ ಮಾಡಿಕೊಳ್ಳುತ್ತದೆ. ಎರಡಕ್ಕೂ ಮೊದಲು ಒಂದು ಪಟ್ಟಿ ಅಚ್ಚು ಹಾಕಿ. ಇಡೀ ಚಿತ್ರ ಬೇಡ. ಅತಿ ಕತ್ತಲಿರುವ ನೀರು, ಅತಿ ಬೆಳಕಿರುವ ಮೋಡ ಎರಡೂ ಬರುವಂತೆ ಎರಡು ಬೆರಳಗಲದ ತುಂಡು ಸಾಕು. ಶಾಯಿ ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ ತೀರ್ಮಾನಿಸಿ.

ಮರದಚ್ಚಿನ ವಿಷಯದಲ್ಲಿ ಒಂದು ಅನುಕೂಲವಿದೆ. ಒಂದೇ ಹಲಗೆಯಿಂದ ಎಷ್ಟೋ ಪ್ರತಿ ತೆಗೆದಿರುತ್ತಾರೆ. 'ದೊಡ್ಡ ಅಲೆ'ಯ ಪ್ರತಿಗಳು ಬೇರೆ ಬೇರೆ ಸಂಗ್ರಹಾಲಯಗಳಲ್ಲಿವೆ, ಆಕಾಶದ ಛಾಯೆ ಒಂದರಂತೆ ಇನ್ನೊಂದಿಲ್ಲ. ಕೆಲವು ಮಾಸಿವೆ, ಕೆಲವು ಇನ್ನೂ ಗಾಢ. ನಿಮ್ಮ ಕಾಗದಕ್ಕೆ ಒಪ್ಪುವ ಪ್ರತಿಯನ್ನು ಹುಡುಕಿ. ಕಂಪ್ಯೂಟರಿನಲ್ಲಿ ಬಣ್ಣ ತಿದ್ದುತ್ತಾ ಕೂರುವುದಕ್ಕಿಂತ ಇದು ಸುಲಭ.

ತಾಮ್ರದ ತಗಡಿನ ಕೆತ್ತನೆಗಳ ಸಮಸ್ಯೆ ಬೇರೆ. ಬ್ರೂಗೆಲ್ ಬರೆದ ಹಡಗುಗಳನ್ನು ಫ್ರಾನ್ಸ್ ಹೂಯ್ಸ್ 1560ರ ದಶಕದಲ್ಲಿ ಕೆತ್ತಿದ ಸರಣಿ ಇದೆ. ಒಂದೊಂದು ಹಗ್ಗ, ಒಂದೊಂದು ಗಂಟು ಎಣಿಸಬಹುದು. ಇಂಥ ಚಿತ್ರವನ್ನು ಎ6ಕ್ಕೆ ಇಳಿಸಿದಾಗ ಒತ್ತೊತ್ತಾದ ಗೆರೆಗಳು ಒಂದರ ಮೇಲೊಂದು ಬಿದ್ದು ನೀರಿನಲ್ಲಿ ಇಲ್ಲದ ಅಲೆಗಳು ಮೂಡುತ್ತವೆ. ಪರಿಹಾರ ಎರಡು. ಒಂದು, ಒಂದೇ ಸಲಕ್ಕೆ ಇಳಿಸದೆ ಅರ್ಧಕ್ಕೆ ಇಳಿಸಿ, ಆಮೇಲೆ ಬೇಕಾದ ಅಳತೆಗೆ ಇಳಿಸಿ, ಕೊನೆಗೆ ಸ್ವಲ್ಪ ಶಾರ್ಪ್ ಮಾಡಿ. ಇನ್ನೊಂದು, ನನಗೆ ಹೆಚ್ಚು ಇಷ್ಟವಾದದ್ದು: ಇಡೀ ಚಿತ್ರ ಬಿಟ್ಟು ಒಂದು ಭಾಗ ತೆಗೆದುಕೊಳ್ಳಿ. ಹಡಗಿನ ಹಿಂಬದಿ, ಒಂದು ಉಬ್ಬಿದ ಪಟ, ನೀರಿನಿಂದ ತಲೆ ಎತ್ತಿದ ಮೀನು. ತೈಲವರ್ಣ ತುಂಡಾದರೆ ಸೊರಗುತ್ತದೆ. ಕೆತ್ತನೆಯ ತುಂಡು ಮಾತ್ರ ಹೊಸ ಚಿತ್ರದಂತೆ ನಿಲ್ಲುತ್ತದೆ. ಹಿಂಬದಿಯ ವಿವರದಲ್ಲಿ 'ಚಿತ್ರದ ಒಂದು ಭಾಗ' ಎಂದು ಬರೆದರಾಯಿತು.

ಮನೆಯ ಪ್ರಿಂಟರು ಸಾಧಾರಣದ್ದಾದರೆ ನ್ಯೂಯಾರ್ಕಿನ ಕರಿಯರ್ ಅಂಡ್ ಐವ್ಸ್ ಕಂಪನಿ 19ನೇ ಶತಮಾನದಲ್ಲಿ ಹೊರತಂದ ಹಾಯಿಹಡಗಿನ ಕಲ್ಲಚ್ಚುಗಳನ್ನು ನೋಡಿ. ಬಣ್ಣ ಸರಳ, ಗೆರೆ ದಪ್ಪ. ಎಂಥ ಪ್ರಿಂಟರಿನಲ್ಲೂ ಚೆನ್ನಾಗಿ ಬರುತ್ತವೆ.

ಕಾಗದ, ಗೀರು, ಮಡಿಕೆ

ಕಾಗದ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಲಿ. ಮನೆಯ ಪ್ರಿಂಟರು ಎಷ್ಟು ದಪ್ಪ ಎಳೆದುಕೊಳ್ಳುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ತೈಲವರ್ಣಕ್ಕೆ ಒಂದು ಬದಿ ತುಸು ಹೊಳಪಿರುವ ಕಾಗದ ಚೆನ್ನ. ಕೆತ್ತನೆ, ಮರದಚ್ಚಿಗೆ ಹೊಳಪಿಲ್ಲದ, ಕೆನೆ ಬಣ್ಣದ ಕಾಗದ. ಯಾವುದೇ ಆದರೂ ಒಳಬದಿ ಹೊಳಪಿಲ್ಲದೆ ಇರಬೇಕು. ಇಲ್ಲದಿದ್ದರೆ ಪೆನ್ನಿನ ಶಾಯಿ ಹೀರಿಕೊಳ್ಳದೆ ಒರೆಸಿಕೊಂಡು ಹೋಗುತ್ತದೆ.

ದಪ್ಪ ಕಾಗದವನ್ನು ನೇರವಾಗಿ ಮಡಿಸಿದರೆ ಮಡಿಕೆಯಲ್ಲಿ ಬಣ್ಣ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. ಕಡು ನೀಲಿ ಸಮುದ್ರ ಮಡಿಕೆ ದಾಟಿ ಹಿಂಬದಿಗೂ ಹಬ್ಬಿದ್ದರೆ ಇದು ಎದ್ದು ಕಾಣುತ್ತದೆ. ಅದಕ್ಕೆ ಮೊದಲು ಗೀರು ಹಾಕಬೇಕು. ಉಕ್ಕಿನ ಸ್ಕೇಲು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಒಂದೇ ಒತ್ತಡದಲ್ಲಿ ಗೆರೆ ಎಳೆಯಿರಿ. ಕಾಗದ ಹರಿಯಬಾರದು, ತಗ್ಗು ಬೀಳಬೇಕು ಅಷ್ಟೆ. ಆಮೇಲೆ ನಿಧಾನಕ್ಕೆ ಮಡಿಸಿ, ಮೇಲೆ ಒಂದು ತೆಳು ಕಾಗದ ಇಟ್ಟು ಉಗುರಿನಿಂದಲೋ ಚಮಚದ ಬೆನ್ನಿನಿಂದಲೋ ಉಜ್ಜಿ.

ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಸ್ವಲ್ಪ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆ ಆ ಕಡೆ ಬರಲಿ. ಎದುರು ದಿಕ್ಕಿಗೆ ಮಡಿಸಿದರೆ ಎಷ್ಟು ಗೀರಿದರೂ ಅಂಚು ಒರಟಾಗಿಯೇ ಉಳಿಯುತ್ತದೆ.

ಮಡಿಕೆಯೇ ಬೇಡ ಎನ್ನುವವರಿಗೂ ದಾರಿ ಇದೆ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಮಾಡಿಸಿ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಕೂಡ ಮಡಿಕೆಯಿಲ್ಲದ ಒಂಟಿ ಹಾಳೆ. ಕಲ್ಲಚ್ಚಿನಲ್ಲಿ ಅಚ್ಚು ಹಾಕಿ ಕೈಯಲ್ಲಿ ಬಣ್ಣ ತುಂಬಿದ್ದರು. 300 ಜಿಎಸ್‌ಎಂ ಒಂಟಿ ಹಾಳೆಯ ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ನಿಮ್ಮ ಮಾತು. ಚೆನ್ನಾಗಿಯೇ ಕಾಣುತ್ತದೆ.

ಒಳಗಿನ ಮಾತು, ಹಿಂಬದಿಯ ವಿವರ

ಮುಖಪುಟದ ಚಿತ್ರದ ಮೇಲೆ ಅಕ್ಷರ ಹಾಕಬೇಡಿ. ಆಕಾಶ ಖಾಲಿ ಇದೆಯಲ್ಲ ಎಂದು 'ಶುಭಾಶಯಗಳು' ಎಂದು ಹಾಕುವ ಆಸೆಯಾಗುತ್ತದೆ. ಚಿತ್ರಕಾರರು ತಿಂಗಳುಗಟ್ಟಲೆ ಕೂತು ಬರೆದ ಮೋಡ ಅದು, ಬಿಟ್ಟುಬಿಡೋಣ. ಬೇಕೇಬೇಕಾದರೆ ಬಿಳಿ ಅಂಚು ಬಿಟ್ಟು ಅದರಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿ.

ಒಳಗೆ ಕೈಬರಹವೇ ಚೆಂದ. ಎರಡು ಬದಿ ಅಚ್ಚು ಹಾಕುವಾಗ ಆಗುವ ಉಲ್ಟಾಪಲ್ಟಾ ಕೂಡ ತಪ್ಪುತ್ತದೆ.

ಹಿಂಬದಿಯಲ್ಲಿ, ಕೆಳಗೆ, ನಾಲ್ಕು ಸಾಲು ವಿವರ ಕೊಡಿ. ಹೀಗೆ:

ವಿನ್ಸ್ಲೋ ಹೋಮರ್
'ಬ್ರೀಜಿಂಗ್ ಅಪ್', 1873–1876
ತೈಲವರ್ಣ
ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್, ವಾಷಿಂಗ್ಟನ್

ಹಕ್ಕು ಮುಗಿದ ಚಿತ್ರಕ್ಕೆ ಇದು ಕಡ್ಡಾಯವಲ್ಲದಿರಬಹುದು. ಆದರೂ ಹಾಕಿ. ಬರೆದವರ ಹೆಸರು ಅಳಿಸಿ ಚಿತ್ರವನ್ನಷ್ಟೇ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಜಾಗ ಇದ್ದರೆ ಕತೆಯನ್ನೂ ಎರಡು ಸಾಲಿನಲ್ಲಿ ಹೇಳಿ. ಹಿರಿಯ ವಿಲ್ಲೆಮ್ ಫಾನ್ ಡ ವೆಲ್ಡ, ಅಂದರೆ 'ತೋಪಿನ ಹೊಡೆತ' ಬರೆದವರ ತಂದೆ, ನೌಕಾಯುದ್ಧ ನಡೆಯುತ್ತಿರುವಾಗಲೇ ಸಣ್ಣ ದೋಣಿಯಲ್ಲಿ ಕೂತು ಹಡಗುಗಳನ್ನು ಬರೆದುಕೊಳ್ಳುತ್ತಿದ್ದರು. ಅವರ ಚಿತ್ರ ಹಾಕಿದ ಕಾರ್ಡಿನ ಹಿಂದೆ ಈ ಒಂದು ಮಾತಿದ್ದರೆ ಓದಿದವರು ಕಾರ್ಡು ತಿರುಗಿಸಿ ಚಿತ್ರವನ್ನು ಇನ್ನೊಮ್ಮೆ ನೋಡುತ್ತಾರೆ.

ಲಕೋಟೆಗೆ ಹಾಕುವ ಮೊದಲು ಅಚ್ಚು ಪೂರ್ತಿ ಒಣಗಲಿ. ಇಂಕ್‌ಜೆಟ್ ಆದರೆ ಒಂದು ದಿನ ಹರವಿಡಿ. ಹೆಚ್ಚು ಪ್ರತಿಗಳನ್ನು ಒಟ್ಟಿಗೆ ಇಡುವುದಾದರೆ ನಡುನಡುವೆ ತೆಳು ಕಾಗದ ಹಾಕಿ, ಮೇಲೆ ಒಂದು ದಪ್ಪ ಪುಸ್ತಕ ಹೇರಿ. ಮಡಿಕೆಗಳು ಒತ್ತಿಕೊಂಡು ಕಾರ್ಡು ಚಪ್ಪಟೆಯಾಗಿ ನಿಲ್ಲುತ್ತವೆ. ಮಡಿಕೆಯ ಕಡೆಯನ್ನು ಲಕೋಟೆಯ ಒಳಕ್ಕೆ ಮೊದಲು ತೂರಿಸಿ, ಆಗ ಮೂಲೆಗಳು ಮಡಚಿಕೊಳ್ಳುವುದಿಲ್ಲ.